ಹಳ್ಳದ ಪಕ್ಕದ ಪಾಲು

ತಂಗಿ ತನ್ನ ಮೇಲೆ ದಾವೆ ಹಾಕಿದ್ದಾಳೆಂದು ಅವನಿಗೆ ಗೊತ್ತಾದದ್ದು ಅಂಚೆಯವನಿಂದ. "ಕೋರ್ಟಿಂದ ಬಂದಿದೆ, ಇಲ್ಲೊಂದು ರುಜು ಹಾಕಿ ಯಜಮಾನ್ರೇ" ಎಂದು ಲಕೋಟೆ ಚಾಚಿದಾಗ, ಯಾರೋ ಗಿರಾಕಿ ನಲ್ಲಿಯ ಹೊಳಪು ಹೋಯಿತೆಂದು ತಕರಾರು ಮಾಡಿರಬೇಕು ಅಂದುಕೊಂಡು ನಗುತ್ತಲೇ ರುಜು ಹಾಕಿದ್ದ. ಒಳಗಿದ್ದದ್ದು ಬೇರೆ. ತೀರಿಹೋದ ತಂದೆಯ ಆಸ್ತಿಯಲ್ಲಿ ವಾದಿಗೆ ಸಲ್ಲಬೇಕಾದ ಪಾಲು. ವಾದಿ ಅಂದರೆ ತಂಗಿ. ಪ್ರತಿವಾದಿ ಅಂದರೆ ಅವನು. ಹಿಂದಿನ ಭಾನುವಾರವಷ್ಟೇ ಮನೆಗೆ ಬಂದು, ಊಟ ಮಾಡಿ, ಅವನ ಬೆನ್ನುನೋವಿಗೆ ಮುಲಾಮು ಕೊಟ್ಟು, ಎರಡು ಹೊತ್ತು ತಪ್ಪದೆ ಹಚ್ಚಿಕೋ ಅಂತ ಗದರಿ ಹೋಗಿದ್ದವಳು ಅವಳು.

ಅಲ್ಲೇ ನಿಂತು ಫೋನ್ ಮಾಡಿದ.

"ಏನಿದು?"

"ಬಂತಾ ಅಣ್ಣ?" ಅವಳ ದನಿಯಲ್ಲಿ ಗಾಬರಿ ಇರಲಿಲ್ಲ.

"ಬಾಯಲ್ಲಿ ಕೇಳಬಹುದಿತ್ತಲ್ಲ."

"ಮೂರು ಸಲ ಕೇಳಿದೆ. ಮೂರು ಸಲಾನೂ ಮಾತು ತೇಲಿಸಿಬಿಟ್ಟೆ. ಹೆಣ್ಣುಮಕ್ಕಳಿಗೆ ಜಮೀನು ಯಾಕೆ ಅಂದೆ."

"ನಿನಗೆ ಯಾಕೆ ಅಂದೆ. ಯಾರಿಗೆ ಕೊಡಬೇಕು ನೀನು? ಮಕ್ಕಳಾ, ಮರಿಯಾ?"

"ಬೇಕು ಅಣ್ಣ. ಅಷ್ಟೇ" ಅಂದಳು.

ಅಪ್ಪ ಸತ್ತಾಗ ಅವಳಿಗೆ ಹನ್ನೊಂದು, ಅವನಿಗೆ ಹತ್ತೊಂಬತ್ತು. ಕಾಲೇಜು ಬಿಟ್ಟು, ಲೋಹಕ್ಕೆ ಹೊಳಪಿನ ಲೇಪ ಕೊಡುವ ಪ್ಲೇಟಿಂಗ್ ಅಂಗಡಿಯಲ್ಲಿ ಕೂಲಿಗೆ ನಿಂತ. ಸೈಕಲ್ ಹ್ಯಾಂಡಲ್ಲು, ನಲ್ಲಿ, ಬಾಗಿಲ ಹಿಡಿಕೆಗಳನ್ನು ಆಮ್ಲದ ತೊಟ್ಟಿಯಲ್ಲಿ ಅದ್ದಿ ಅದ್ದಿ ಅವನ ಉಗುರುಗಳು ಹಳದಿ ತಿರುಗಿದವು. ಇವತ್ತಿಗೂ ಹಾಗೇ ಇವೆ. ಆ ಉಗುರಿನ ದುಡಿಮೆಯಲ್ಲೇ ಅವಳು ಓದಿ ಶಾಲೆಯ ಟೀಚರಾದದ್ದು. ಆ ಅಂಗಡಿಯನ್ನೇ ಅವನು ಕೊಂಡುಕೊಂಡಾಗ ಹೆಗಲ ಮೇಲೆ ಕೈ ಹಾಕಿಕೊಂಡು ಫೋಟೊ ತೆಗೆಸಿಕೊಂಡವಳೂ ಅವಳೇ. ಅವಳ ಗಂಡ ಮದುವೆಯಾದ ನಾಲ್ಕನೇ ವರ್ಷ ಹೋಗಿಬಿಟ್ಟಾಗ ಹೆಣ ಹೊತ್ತವನು ಇವನು. ಈಗ ಉಂಡ ಮನೆಯ ಜಂತೆ ಎಣಿಸುತ್ತಿದ್ದಾಳೆ. ಅದೂ ವಕೀಲರನ್ನು ಇಟ್ಟುಕೊಂಡು.

ಆ ಬೇಸಿಗೆಯಲ್ಲೇ ಅವನು ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಹೊಡೆಸಿ, ತನ್ನ ಹೆಸರಿನ ಕೆಳಗೆ 'ಮತ್ತು ಮಗ' ಎಂದು ಬರೆಸಿದ್ದ. ಮಗನಿಗೆ ಇಪ್ಪತ್ತೆರಡು. ಬೆಳಿಗ್ಗೆ ಎಂಟಕ್ಕೇ ಬಂದು ತೊಟ್ಟಿಗಳ ಕಾವು ನೋಡುತ್ತಿದ್ದ, ಮಾತು ಕಡಿಮೆ, ಕೆಲಸ ಗಟ್ಟಿ. ಅಂಗಡಿ, ಮನೆ, ಅಪ್ಪನ ಮೂರು ಎಕರೆ, ಎಲ್ಲ ಅವನಿಗೇ ಎಂಬುದು ಬಾಯಿಬಿಟ್ಟು ಹೇಳಬೇಕಾದ ಮಾತೇ ಅಲ್ಲ. ಕಿರಿಯವಳು ಪುಟ್ಟಿ ಓದುವ ಹುಡುಗಿ, ಹೇಗೂ ಇನ್ನೊಂದು ಮನೆಗೆ ಹೋಗುವವಳು. ಅವಳಿಗೆ ಅತ್ತೆ ಅಂದರೆ ಪ್ರಾಣ. ದಾವೆಯ ಸುದ್ದಿ ತಿಳಿದ ದಿನವೂ ಆ ಹುಡುಗಿ ಅತ್ತೆಯ ಮನೆಗೆ ಹೋಗಿ ಬಂದಳು. ಅವನು ಕೇಳಿದ್ದಕ್ಕೆ, "ಜಗಳ ನಿಮ್ಮಿಬ್ಬರದು ಅಪ್ಪ, ನಾನು ಅದರಲ್ಲಿ ಇಲ್ಲವಲ್ಲ" ಅಂದಳು. ಅದೂ ಅವನ ಎದೆಗೆ ಚುಚ್ಚಿತು. ಮನೆಯೊಳಗಿನವರೂ ಅತ್ತ ವಾಲಿದರು ಅನ್ನಿಸಿತು.

ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನ ಮಧ್ಯಾಹ್ನ ಅಂಗಡಿಯ ಹಿಂದಿನ ಕಿಟಕಿಯಲ್ಲಿ ನಿಂತು ಅಪ್ಪನ ಜಮೀನು ನೋಡುತ್ತಿದ್ದಾಗ ಉಪಾಯ ಹೊಳೆಯಿತು. ಹೊಳೆಯಿತು ಅನ್ನುವುದಕ್ಕಿಂತ, ಅದು ಅಲ್ಲೇ ಇತ್ತು. ಅವನ ಕಣ್ಣು ಈಗ ಅದರ ಮೇಲೆ ಬಿತ್ತು.

ಮೂರು ಎಕರೆಯಲ್ಲಿ ಮೇಲಿನ ಎರಡು ರಸ್ತೆಗೆ ತಾಗಿದ್ದು. ಕೆಳಗಿನ ಒಂದು ಹಳ್ಳದ ಪಕ್ಕ. ನೋಡಲು ಬಲು ಚೆಂದ: ಹಸಿರು ಹುಲ್ಲು, ನಾಲ್ಕು ದೊಡ್ಡ ಮರ, ಹರಿಯುವ ನೀರಿನ ಸದ್ದು. ಆ ಹುಲ್ಲಿನ ಅಡಿಯಲ್ಲಿ, ಅಪ್ಪ ಇಟ್ಟಿಗೆಗೆಂದು ಮಣ್ಣು ತೆಗೆಸಿದ್ದ ಹಳೆಯ ಗುಂಡಿಯಲ್ಲಿ, ಪ್ಲೇಟಿಂಗ್ ತೊಟ್ಟಿಯ ತಳದಲ್ಲಿ ಕೂರುವ ಹಳದಿ ಕೆಸರು ಆರು ವರ್ಷದ್ದು ತುಂಬಿಕೊಂಡಿತ್ತು. ಅದನ್ನು ಊರಾಚೆಯ ಶುದ್ಧೀಕರಣ ಘಟಕಕ್ಕೆ ಕಳಿಸಬೇಕೆಂಬ ಕಾನೂನು ಬರುವ ಮೊದಲು ವಾರದ ರಜೆಯ ದಿನ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿ ಸುರಿಯುತ್ತಿದ್ದರು. ಕಾನೂನು ಬಂದ ಮೇಲೆ ಒಂದು ಬೊಗಸೆ ಕೆಸರನ್ನೂ ಅವನು ಹೊರಗೆ ಹಾಕಿರಲಿಲ್ಲ. ಹತ್ತು ವರ್ಷದ ರಸೀದಿಗಳು ಕಪಾಟಿನಲ್ಲಿ ಸಾಲಾಗಿದ್ದವು. ಅದರ ಹಿಂದಿನ ಕಾಲದ್ದಕ್ಕೆ ಕಾಗದವಿಲ್ಲ, ಟ್ರ್ಯಾಕ್ಟರಿನ ಡ್ರೈವರು ಸತ್ತು ಐದು ವರ್ಷ. ಆ ಬೀದಿಯಲ್ಲಿ ಆಗ ಏಳು ಪ್ಲೇಟಿಂಗ್ ಅಂಗಡಿಗಳಿದ್ದವು. ಏಳು ಅಂಗಡಿಯ ಪಾಪಕ್ಕೂ ಒಂದೇ ಬಣ್ಣ.

ಬೇರೆ ಊರಿನ ಒಬ್ಬ ವಕೀಲರನ್ನು ಹುಡುಕಿಕೊಂಡು ಹೋದ. ತನ್ನ ಸ್ನೇಹಿತನದೊಂದು ತೊಂದರೆ ಅಂದ.

"ಜಮೀನಿನಲ್ಲಿ ವಿಷ ಸಿಕ್ಕರೆ ಕಾನೂನು ಮೊದಲು ಹಾಕಿದವನನ್ನು ಹುಡುಕುತ್ತೆ" ಎಂದರು ವಕೀಲರು. "ಅವನು ಸಿಗಲಿಲ್ಲ ಅಂದರೆ ಆವತ್ತಿನ ಮಾಲೀಕರ ಕುತ್ತಿಗೆಗೆ. ಅವರದೇ ಖರ್ಚಲ್ಲಿ ತೆಗೆಸಬೇಕು, ದಂಡ ಕಟ್ಟಬೇಕು. ಗೊತ್ತಿದ್ದೂ ಹಾಕಿಸಿಕೊಂಡರು ಅಂತ ಸಾಕ್ಷಿ ಬಂದರೆ ಜೈಲು."

"ಮಾಲೀಕರು ನನಗೆ ಗೊತ್ತಿರಲಿಲ್ಲ ಅಂದರೆ?"

"ಸಾಕ್ಷಿ ಇಲ್ಲದಿದ್ದರೆ ಜೈಲು ತಪ್ಪಬಹುದು. ಜಮೀನಿನ ಹೊಣೆ ತಪ್ಪಲ್ಲ." ವಕೀಲರು ಕನ್ನಡಕ ಒರೆಸಿಕೊಂಡರು. "ನಿಮ್ಮ ಸ್ನೇಹಿತರು ಜಮೀನು ತಗೊಳ್ತಿದ್ದಾರಾ, ಕೊಡ್ತಿದ್ದಾರಾ?"

"ಕೊಡ್ತಿದ್ದಾನೆ."

"ಹಾಗಾದರೆ ಅವರು ನನ್ನ ಹತ್ತಿರ ಬರೋ ಅವಶ್ಯಕತೆ ಇಲ್ಲ" ಎಂದು ವಕೀಲರು ನಕ್ಕರು.

ಅಲ್ಲಿಂದ ಮುಂದೆ ಅವನು ಪ್ಲೇಟಿಂಗ್ ಕೆಲಸದ ಹಾಗೇ ಹೆಜ್ಜೆ ಹೆಜ್ಜೆಯಾಗಿ ನಡೆದ. ಹೊಳಪು ಬರಬೇಕಾದರೆ ಮೊದಲು ಉಜ್ಜಬೇಕು, ಆಮೇಲೆ ತೊಳೆಯಬೇಕು, ಆಮೇಲೆ ಅದ್ದಬೇಕು. ಅವಸರ ಮಾಡಿದರೆ ಪದರ ಏಳುತ್ತದೆ. ಮೊದಲು, ಮಳೆನೀರು ಇಳಿಯದಂತೆ ಗುಂಡಿಯ ಮೇಲೆ ಹಾಕಿಸಿದ್ದ ಜೇಡಿಮಣ್ಣಿನ ದಪ್ಪ ಹೊದಿಕೆಯನ್ನು ಮೂರು ರಜೆಯ ದಿನಗಳಲ್ಲಿ, ಹಾಡಹಗಲಲ್ಲಿ, ತಾನೊಬ್ಬನೇ ಸಲಿಕೆ ಹಿಡಿದು ಕೆರೆದು ತೆಗೆದ. ಯಾರಾದರೂ ಕೇಳಿದರೆ ತೋಟ ಮಾಡ್ತೀನಿ ಅನ್ನುವುದು. ಯಾರೂ ಕೇಳಲಿಲ್ಲ. ತೆಗೆದ ಜಾಗಕ್ಕೆ ಸಡಿಲ ಮಣ್ಣು ಹರಡಿ, ಹುಲ್ಲಿನ ಹೆಂಟೆಗಳನ್ನು ಹಾಗೇ ಕೂರಿಸಿದ. ಒಂದು ಮಳೆಗಾಲ ಕಳೆದರೆ ಹಳದಿ ತಾನಾಗಿ ಮೇಲೆ ಬರುತ್ತದೆ. ಎರಡನೆಯದಾಗಿ, ಪಾಲು ಕೊಡುವ ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿದ. ಪರೀಕ್ಷೆಯವರು ಬಂದಾಗ ತಾನೇ ಮುಂದೆ ನಡೆದು, ಮಾತಾಡುತ್ತ ಮಾತಾಡುತ್ತ ಅವರನ್ನು ಗುಂಡಿಯಿಂದ ದೂರದ ಮೇಲಿನ ಮೂಲೆಗೆ ಕರೆದುಕೊಂಡು ಹೋಗಿ ಅಲ್ಲೇ ಮಣ್ಣು ತೆಗೆಸಿದ. ವರದಿಯಲ್ಲಿ ಇಡೀ ಎಕರೆಯ ಗುರುತಿನ ಸಂಖ್ಯೆ ಇತ್ತು, ಮೂಲೆಯ ಮಾತಿರಲಿಲ್ಲ. 'ಯಾವುದೇ ದೋಷ ಕಂಡುಬಂದಿಲ್ಲ.'

ಮೂರನೆಯದು ಎಲ್ಲಕ್ಕಿಂತ ಸುಲಭವಾಗಿತ್ತು. ತಂಗಿಯ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಸೋತ ದನಿಯಲ್ಲಿ ಹೇಳಿದ.

"ಕೋರ್ಟು ಕಚೇರಿ ನನ್ನ ಕೈಲಾಗಲ್ಲ. ಹಳ್ಳದ ಪಕ್ಕದ ಎಕರೆ ನೀನು ತಗೋ."

ಅವಳು ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು. ಕಣ್ಣು ತುಂಬಿ ಬಂತು. "ಒಳಗೆ ಬಾ ಅಣ್ಣ" ಅಂದಳು. ಅವನು ಹೋಗಲಿಲ್ಲ. ಹೋದರೆ ಮೆತ್ತಗಾದೇನು ಎಂಬ ಅಂಜಿಕೆ ಇತ್ತು.

ನೋಂದಣಿ ಕಚೇರಿಯ ಬೆಂಚಿನಲ್ಲಿ ಇಬ್ಬರೂ ಸರದಿಗೆ ಕಾಯುತ್ತ ಕೂತಿದ್ದಾಗ ಅವಳು ತಟ್ಟನೆ ಕೇಳಿದಳು, "ಆ ಇಟ್ಟಿಗೆ ಗುಂಡಿ ಏನಾಯ್ತು? ನಾನು ಅದರಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡಿದ್ದೆ ನೋಡು."

"ಮುಚ್ಚಿಸಿದೆ. ದನ ಬೀಳ್ತಿದ್ವು."

"ಒಳ್ಳೇದು ಮಾಡಿದೆ."

ಅವನು ಬರೆಸಿದ್ದ ಪಾಲುಪತ್ರದಲ್ಲಿ ಒಂದು ಸಾಲಿತ್ತು: ಸ್ವತ್ತನ್ನು ಇದ್ದ ಹಾಗೆಯೇ ನೋಡಿ ಒಪ್ಪಿ ಪಡೆದಿದ್ದು, ಮುಂದೆ ಬರುವ ಎಲ್ಲ ಹೊಣೆ ಪಡೆದವರದು, ಅವರಿಂದ ಪಡೆಯುವವರದು. ಗುಮಾಸ್ತ ಗಟ್ಟಿಯಾಗಿ ಓದಿದ. ತಂಗಿ ತಲೆಯಾಡಿಸಿ ರುಜು ಹಾಕಿದಳು. ಮಕ್ಕಳ ಉತ್ತರಪತ್ರಿಕೆಗೆ ಹಾಕುವ ಅದೇ ದುಂಡನೆಯ ರುಜು. ಹೊರಗೆ ಬಂದು ಅವನ ಪಾದ ಮುಟ್ಟಲು ಬಗ್ಗಿದಳು; ಅವನು ಹಿಂದೆ ಸರಿದ. "ಇರಲಿ ಬಿಡು" ಅಂದ. ಆ ವಾರವೇ ಹೋಗಿ ದಾಖಲೆಯಲ್ಲಿ ಅವಳ ಹೆಸರು ಬಂದಿದೆಯೇ ಎಂದು ನೋಡಿ, ನಕಲು ತೆಗೆಸಿ, ಕಪಾಟಿಗೆ ಹಾಕಿದ.

ಆಮೇಲೆ ಕಾದ. ತಾಳಿದವನು ಬಾಳಿಯಾನು. ಮಳೆಗಾಲ ಬಂತು, ಹೋಯಿತು. ಭಾನುವಾರ ಭಾನುವಾರ ಹಿಂದಿನ ಕಿಟಕಿಯಿಂದ ತಂಗಿ ಕಾಣುತ್ತಿದ್ದಳು. ಕೊಡೆ ಹಿಡಿದು ಅತ್ತಿಂದಿತ್ತ ಹೆಜ್ಜೆ ಹಾಕಿ ಅಳೆಯುವಳು, ಮರದ ಕೆಳಗೆ ಕೂರುವಳು. ಎಷ್ಟೋ ಸಲ ಪುಟ್ಟಿಯೂ ಜೊತೆಗಿರುತ್ತಿದ್ದಳು. ಇಬ್ಬರೂ ಬೇಲಿಯ ಪಕ್ಕ ನಿಂತು ಕೈ ತೋರಿಸಿ ಏನೋ ಮಾತಾಡಿಕೊಳ್ಳುವರು. ನೋಡಲಾಗದೆ ಅವನು ಕಿಟಕಿ ಎಳೆದುಕೊಳ್ಳುತ್ತಿದ್ದ. ಒಂದು ದಿನ ಹಳ್ಳದ ಅಂಚಿನ ಹುಲ್ಲು ಸುಟ್ಟ ಹಾಗೆ ಕಂಡಿತು. ಇನ್ನೆರಡು ವಾರಕ್ಕೆ ಹಳ್ಳದ ನೀರಿನಲ್ಲಿ ಕುಂಕುಮ ಕದಡಿದ ಹಾಗಲ್ಲ, ಅರಿಸಿನ ಕದಡಿದ ಹಾಗೆ ಒಂದು ತೆಳ್ಳನೆ ಗೆರೆ.

ಅರ್ಜಿಯನ್ನು ಅವನು ಎಡಗೈಯಲ್ಲಿ ಬರೆದ. ಹೆಸರಿಲ್ಲ. ಹಳ್ಳದ ನೀರು ಹಳದಿಯಾಗಿದೆ, ಕೆಳಗಿನವರು ಬಟ್ಟೆ ಒಗೆಯುವ ನೀರು, ದನ ಕುಡಿಯುವ ನೀರು, ಪರಿಶೀಲಿಸಬೇಕು. ಮನೆಯಲ್ಲಿ ಕೆಲಸದ ಮೇಲೆ ಹೋಗುತ್ತೇನೆಂದು ಹೇಳಿ, ಬಸ್ಸಿನಲ್ಲಿ ಮೂರು ಗಂಟೆ ದೂರದ ಊರಿಗೆ ಹೋಗಿ, ಅಲ್ಲಿಯ ಅಂಚೆಪೆಟ್ಟಿಗೆಗೆ ಹಾಕಿ ಬಂದ. ಬಸ್ಸಿನ ಕಿಟಕಿಯ ಪಕ್ಕ ಕೂತು ಮುಂದಿನದನ್ನೆಲ್ಲ ಕಣ್ಣಿಗೆ ಕಟ್ಟಿಕೊಂಡ. ಅವನಿಗೆ ಬೇಕಾಗಿದ್ದದ್ದು ತಂಗಿಯ ನಾಶವಲ್ಲ. ಅವಳು ಒಂದು ಸಂಜೆ ಬಾಗಿಲಿಗೆ ಬಂದು ನಿಲ್ಲಬೇಕು. ಅಣ್ಣ, ನೀನೇ ಗತಿ ಅನ್ನಬೇಕು. ಅವನು ಆಗ ಒಂದು ಮಾತೂ ಆಡದೆ ಒಳಗೆ ಕರೆದು ಕೂರಿಸಿ, ದಂಡದ ಅರ್ಧ ತಾನು ಕಟ್ಟಿ, ಮೇಲಿನ ಹಾಗೂ ಕೆಳಗಿನ ಜಮೀನು ಒಂದಾಗುವ ಕಾಗದಕ್ಕೆ ಅವಳ ದುಂಡನೆಯ ರುಜು ತೆಗೆದುಕೊಳ್ಳುತ್ತಾನೆ. ಜೈಲಿನ ಹೆದರಿಕೆ ಎದುರಿಗೆ ಇದ್ದರೆ ಅದು ಬೇಗ ಆಗುತ್ತದೆ. ಅದಕ್ಕೆ ಸಾಕ್ಷಿ ಬೇಕು. ಸಾಕ್ಷಿ ತಾನೇ.

ಪರಿಸರ ಅಧಿಕಾರಿ ಬಂದದ್ದು ಅರ್ಜಿ ಹಾಕಿ ಆರು ವಾರದ ಮೇಲೆ, ಬೆಳಿಗ್ಗೆ ಹನ್ನೊಂದಕ್ಕೆ. ನಡುವಯಸ್ಸಿನ ಹೆಂಗಸು. ಕಾಲಲ್ಲಿ ಹಳ್ಳದ ಕೆಸರು ಮೆತ್ತಿದ ರಬ್ಬರ್ ಬೂಟು. ಅದನ್ನು ಬಾಗಿಲಲ್ಲೇ ಬಿಟ್ಟು ಕಾಲುಚೀಲದಲ್ಲಿ ಒಳಗೆ ಬಂದು ಕೂತರು. ಜೊತೆಗೆ ಬಂದಿದ್ದ ಗುಮಾಸ್ತ ಹಾಳೆ ಹರಡಿಕೊಂಡ. ಮಗ ತೊಟ್ಟಿಗಳ ಹತ್ತಿರ ಇದ್ದ. ಮಗನಿಗೆ ಕೇಳಿಸದಿರಲೆಂದು ಅವನು ಕೋಣೆಯ ಬಾಗಿಲು ಮುಂದಕ್ಕೆ ಎಳೆದ.

ಹತ್ತು ವರ್ಷದ ರಸೀದಿಗಳನ್ನು ಅವರು ಒಂದೊಂದಾಗಿ ತಿರುವಿದರು. ಎಲ್ಲ ಸರಿ ಇದ್ದವು. ಮಣ್ಣಿನ ವರದಿ ಓದಿದರು. ಅದೂ ಸರಿ ಇತ್ತು.

"ನೀವು ಕೊಡುವಾಗ ಜಮೀನು ಶುದ್ಧವಾಗಿತ್ತು ಅಂತಾಯ್ತು."

"ಕಾಗದ ನಿಮ್ಮ ಕೈಯಲ್ಲೇ ಇದೆಯಲ್ಲ ಮೇಡಂ."

"ಹಾಗಾದರೆ ಇದು ಆಮೇಲೆ ಬಂದದ್ದು. ಹಿಂದಿನ ಕಿಟಕಿಯಿಂದ ನಿಮಗೆ ಜಮೀನು ಪೂರ್ತಿ ಕಾಣುತ್ತೆ. ಏನಾದರೂ ನೋಡಿದ್ರಾ?"

ಅವನು ನೀರು ಕುಡಿದು, ಲೋಟ ಕೆಳಗಿಟ್ಟ. ಹೇಳಲು ಮನಸ್ಸಿಲ್ಲದವನಿಂದ ಬಂದ ಮಾತಿಗೆ ತೂಕ ಜಾಸ್ತಿ.

"ಟ್ಯಾಂಕರ್ ಬರ್ತಿತ್ತು. ಭಾನುವಾರ, ಅಂಗಡಿಗಳೆಲ್ಲ ಮುಚ್ಚಿರುವಾಗ."

"ಯಾವಾಗಿಂದ?"

"ಎರಡು ತಿಂಗಳಿಂದ ಈಚೆಗೆ. ನಾಲ್ಕೈದು ಸಲ." ಹಳೆಯ ತಾರೀಕು ಹೇಳಿದರೆ ಆಗಲೇ ಯಾಕೆ ದೂರು ಕೊಡಲಿಲ್ಲ ಅಂತ ಕೇಳುತ್ತಾರೆ. ಅದನ್ನೂ ಅವನು ಯೋಚಿಸಿಟ್ಟುಕೊಂಡಿದ್ದ.

"ಮಾಲೀಕರಿಗೆ ಗೊತ್ತಿಲ್ಲದೆ ಒಳಗೆ ಹೋಗೋಕೆ ಆಗುತ್ತಾ?"

"ಗೇಟಿಗೆ ಬೀಗ ಇದೆ. ಕೀಲಿ ಅವರ ಹತ್ತಿರವೇ."

ಗುಮಾಸ್ತನ ಪೆನ್ನು ಓಡುತ್ತಿತ್ತು. ಅಧಿಕಾರಿ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿದರು.

"ಮಾಲೀಕರು ನಿಮಗೆ ಹತ್ತಿರದ ಸಂಬಂಧ ಅಂತ ದಾಖಲೆ ಹೇಳುತ್ತೆ."

"ಹೌದು."

"ಆದರೂ ಹೇಳಿಕೆ ಕೊಡ್ತೀರಾ? ಬಲವಂತ ಇಲ್ಲ. ಅವರ ಮೇಲೆ ಮೊಕದ್ದಮೆ ಆಗುತ್ತೆ, ಗೊತ್ತಲ್ಲ?"

"ಸಂಬಂಧ ಮನೇಲಿ ಮೇಡಂ. ಹಳ್ಳದ ನೀರು ಊರಿನದು."

ಅವರು ಅವನನ್ನು ನೋಡಿದ ನೋಟದಲ್ಲಿ ಏನೋ ಇತ್ತು. ಇಷ್ಟು ನೇರವಾದ ಮನುಷ್ಯನನ್ನು ಅವರು ಕಂಡಿರಲಿಕ್ಕಿಲ್ಲ ಅಂದುಕೊಂಡ.

"ಟ್ಯಾಂಕರ್ ಬಂದಾಗ ಅವರು ಅಲ್ಲಿ ಇದ್ದರಾ?"

ಇದೊಂದು ಪ್ರಶ್ನೆಗಾಗಿ ಅವನು ಎಂಟು ತಿಂಗಳು ಕಾದಿದ್ದ. ತಂಗಿ ಫೋನಿನಲ್ಲಿ "ಬಂತಾ ಅಣ್ಣ" ಅಂದ ದನಿ ನೆನಪಿಗೆ ಬಂತು, ಮುಲಾಮಿನ ವಾಸನೆ ಬಂತು.

"ಈ ತಿಂಗಳೇ ಎರಡು ಸಲ ಇದ್ದರು. ಬೇಲಿ ಪಕ್ಕ ನಿಂತು, ಎಲ್ಲಿ ಸುರಿಯಬೇಕು ಅಂತ ಕೈ ತೋರಿಸ್ತಿದ್ದರು."

"ಕಣ್ಣಾರೆ ನೋಡಿದ್ರಾ?"

"ಕಣ್ಣಾರೆ."

"ಇನ್ನೊಂದು ಸಲ ಯೋಚನೆ ಮಾಡಿ ಹೇಳಿ. ಇದು ಪ್ರಮಾಣ ಮಾಡಿ ಕೊಡೋ ಹೇಳಿಕೆ. ಆಮೇಲೆ ಅಲ್ಲ ಅಂದರೆ ನಡೆಯಲ್ಲ."

"ನಾನು ಮಾತು ಬದಲಾಯಿಸೋ ಪೈಕಿ ಅಲ್ಲ ಮೇಡಂ. ಆ ಚಟ ನಮ್ಮ ಮನೇಲಿ ಬೇರೆಯವರಿಗಿದೆ."

ಗುಮಾಸ್ತ ಓದಿದ. ಅವನು ಕೇಳಿ, ಒಂದು ಕಡೆ 'ಸುಮಾರು' ಎಂದಿದ್ದನ್ನು ಹೊಡೆದು ಹಾಕಿಸಿ, ಮೂರು ಹಾಳೆಗೂ ರುಜು ಮಾಡಿದ. ಅಧಿಕಾರಿ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು, ಬೇರೊಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು.

"ಇದು ಮಾಲೀಕರಿಗೆ ನೋಟೀಸು. ದಾಖಲೆಯಲ್ಲಿ ಇದೇ ಬೀದಿಯ ವಿಳಾಸ, ನಿಮ್ಮ ಮನೆಯದು. ಅವರು ಇಲ್ಲದಿದ್ದರೆ ನೀವೇ ತಗೋಬಹುದು."

ತಂಗಿಯ ನೋಟೀಸು ತನ್ನ ಮನೆಯ ವಿಳಾಸಕ್ಕೆ ಯಾಕೆ ಎಂದುಕೊಳ್ಳುತ್ತ ಅವನು ಕಾಗದ ತನ್ನ ಕಡೆಗೆ ತಿರುಗಿಸಿಕೊಂಡ. ಮಾಲೀಕರು ಎಂಬಲ್ಲಿದ್ದ ಹೆಸರು ಮೊದಲು ಗುರುತೇ ಹತ್ತಲಿಲ್ಲ. ಮನೆಯಲ್ಲಿ ಯಾರೂ ಕರೆಯದ, ಶಾಲೆಯ ಅಂಕಪಟ್ಟಿಯಲ್ಲಷ್ಟೇ ಇರುವ ಹೆಸರು ಅದು. ಅದರ ಕೆಳಗಿನ ಸಾಲು, ತಂದೆಯ ಹೆಸರು. ತಂಗಿಯದಾಗಿದ್ದರೆ ಅಲ್ಲಿ ಅವನ ಅಪ್ಪನ ಹೆಸರಿರಬೇಕಿತ್ತು. ಅಲ್ಲಿ ಇದ್ದದ್ದು ಅವನ ಹೆಸರು. ದಾನಪತ್ರದ ಮೂಲಕ ಅತ್ತೆಯಿಂದ ಬಂದದ್ದು ಎಂದು ಬರೆದು, ಪಕ್ಕದಲ್ಲಿ ತಾರೀಕು ಹಾಕಿದ್ದರು. ಆರು ವಾರದ ಹಿಂದಿನದು, ಅವನು ಅರ್ಜಿಯನ್ನು ಅಂಚೆಗೆ ಹಾಕಲು ಬಸ್ಸು ಹತ್ತಿದ ದಿನದ್ದು. "ಹುಡುಗಿ ಚಿಕ್ಕವಳು ಅಂತ ನಾನೂ ಮೊದಲು ನಿಮ್ಮನ್ನೇ ಹೊಣೆ ಮಾಡೋಣ ಅಂತಿದ್ದೆ" ಎಂದು ಅಧಿಕಾರಿ ಏಳುತ್ತ ಮೆಲ್ಲಗೆ ಹೇಳಿದರು. "ಆದರೆ ನೋಡಿ, ದಾನಪತ್ರ ಆದ ದಿನವೇ ಅವಳಿಗೆ ಹದಿನೆಂಟು ತುಂಬಿದೆ."